ಕೋಟೇಶ್ವರದ ಪಾರ್ಟ್ನರ್

ಕಳೆದ ವಾರ ಬ್ರಹ್ಮಾವರದ ಗಿರಣಿಯಲ್ಲಿ ಗೋಧಿ ಬೀಸಿಸಿಕೊಂಡು ಬಂದೆ. ಮನೆಯಲ್ಲಿ ಡಬ್ಬಿಗೆ ಸುರಿಯುವಾಗ ಮೂಗಿಗೆ ಬಡಿದದ್ದು ಗೋಧಿಯ ವಾಸನೆಯಲ್ಲ. ಹುರಿದ ಕೊತ್ತಂಬರಿ, ಜೀರಿಗೆ, ಕಾಳುಮೆಣಸು... ನನಗಿಂತ ಮುಂಚೆ ಯಾರೋ ಕಷಾಯದ ಪುಡಿ ಮಾಡಿಸಿಕೊಂಡು ಹೋಗಿರಬೇಕು. ಗಿರಣಿಯವನು ಕಲ್ಲು ಒರೆಸುವ ಗೋಜಿಗೇ ಹೋಗಿರಲಿಲ್ಲ. ಊಟಕ್ಕೆ ಕೂತ ನನ್ನ ಗಂಡ ಚಪಾತಿಯ ಒಂದು ಚೂರು ಬಾಯಿಗಿಟ್ಟು, "ಎಂತ, ಇವತ್ತ್ ಚಪಾತಿಗ್ ಶೀತ ಆಯ್ತಾ?" ಎಂದು ಕೇಳಿದರು. ಬೇರೆ ದಿನವಾಗಿದ್ದರೆ ಮರುದಿನವೇ ಹೋಗಿ ಗಿರಣಿಯವನಿಗೆ ನಾಲ್ಕು ಮಾತು ಅಂದು ಬರುತ್ತಿದ್ದೆ. ಈ ಸಲ ಹೋಗಲಿಲ್ಲ. ಆ ಹಿಟ್ಟಿನ ಡಬ್ಬಿಯ ಮುಚ್ಚಳ ತೆರೆದಾಗಲೆಲ್ಲ ಕೋಟೇಶ್ವರದ ಒಂದು ಸಣ್ಣ ಅಂಗಡಿ, ಅದರ ಬಾಗಿಲಲ್ಲಿ ಹೆಗಲ ಮೇಲೆ ಟವೆಲು ಹಾಕಿ ನಿಂತ ಒಬ್ಬರು ಕಣ್ಣಿಗೆ ಕಟ್ಟುತ್ತಿದ್ದರು.

ಅವರನ್ನು ಊರೆಲ್ಲ ಪಾರ್ಟ್ನರ್ ಎಂದೇ ಕರೆಯುತ್ತಿತ್ತು. ನಾನೂ ಹಾಗೇ ಕರೆದೆ.

೧೯೯೭ರಲ್ಲಿ ಅವರು ಬೊಂಬಾಯಿಯಿಂದ ಬಂದು ಅಂಗಡಿ ಹಾಕಿದಾಗ ನಾನು ಕಾಲೇಜು ಹುಡುಗಿ. ನನ್ನ ಊರು ಕೊಕ್ಕರ್ಣೆ. ಅಲ್ಲಿಂದ ದಿನಾ ಓಡಾಡುವುದು ಕಷ್ಟ ಎಂದು ಕೋಟೇಶ್ವರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕುಂದಾಪುರಕ್ಕೆ ಓದಲು ಹೋಗುತ್ತಿದ್ದೆ. ಬಸ್ಸು ನಿಲ್ಲುತ್ತಿದ್ದದ್ದು ಆ ಅಂಗಡಿಯ ಎದುರೇ. ಒಳಗೆ ಇಬ್ಬರು. ಗಲ್ಲಾದಲ್ಲಿ ದೊಡ್ಡ ಪಾರ್ಟ್ನರ್, ಒಲೆಯ ಹತ್ತಿರ ಸಣ್ಣ ಪಾರ್ಟ್ನರ್. ದೊಡ್ಡವರು ಮಾತುಗಾರರು, ಬೆಳ್ಳಗೆ ಒಗೆದ ಪಂಚೆ, ಬಸ್ಸಿಗೆ ಕಾಯುವವರ ಮನೆಯ ಸುದ್ದಿಯೆಲ್ಲ ಅವರಿಗೆ ಗೊತ್ತು. ಸಣ್ಣವರು ಅವರಿಗಿಂತ ಹತ್ತು ವರ್ಷ ಚಿಕ್ಕವರಿದ್ದಿರಬಹುದು. ಬಾಣಲೆಯಲ್ಲಿ ಕೊತ್ತಂಬರಿ ಹುರಿಯುತ್ತ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವವರು. ಹಾಲು ಹಾಕಿದ ಬಿಸಿ ಕಷಾಯ, ಜೊತೆಗೊಂದು ಬನ್ಸು. ಮಳೆಗಾಲದ ಬೆಳಿಗ್ಗೆ ಅದು ಹೊಟ್ಟೆಗಿಳಿದರೆ ಮೊದಲ ಪಾಠಕ್ಕೆ ನಿದ್ದೆ ಬರುತ್ತಿರಲಿಲ್ಲ.

ಇಬ್ಬರೂ ಬೊಂಬಾಯಿಯ ಒಂದು ಕ್ಯಾಂಟೀನಿನಲ್ಲಿ ಕೂಡಿ ದುಡಿದವರು, ಈಗ ಊರಿನಲ್ಲಿ ಕೂಡಿ ಅಂಗಡಿ ಹಾಕಿದ್ದಾರೆ, ಅಂಗಡಿಯ ಹಿಂದಿನ ಬಾಡಿಗೆ ಮನೆಯಲ್ಲಿ ಇದ್ದಾರೆ... ನಮ್ಮ ಕಡೆ ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಬೊಂಬಾಯಿಗೆ ಹೋಗಿ ಹೋಟೆಲು ಮಾಡಿದವರು ಪ್ರತಿ ಮನೆಗೊಬ್ಬರು ಸಿಗುತ್ತಾರೆ. ಅವರಿಗೆಲ್ಲ ಒಬ್ಬ ಪಾರ್ಟ್ನರ್ ಇದ್ದೇ ಇರುತ್ತಾನೆ. ದೊಡ್ಡವರಿಗೆ ಯಾಕೆ ಮದುವೆಯಾಗಿಲ್ಲ ಎಂದು ಚಿಕ್ಕಮ್ಮನನ್ನು ಒಮ್ಮೆ ಕೇಳಿದ್ದೆ. "ಹೋಟ್ಲಿನವ್ರಿಗೆ ಪುರ್ಸೊತ್ತೆಲ್ಲಿತ್ತ್?" ಎಂದಿದ್ದಳು ಅವಳು. ಅಲ್ಲಿಗೆ ಆ ವಿಷಯ ಮುಗಿದಿತ್ತು.

ದೀಪಾವಳಿಯ ಅಂಗಡಿ ಪೂಜೆ ಮಾತ್ರ ನನಗೆ ಚೆನ್ನಾಗಿ ನೆನಪಿದೆ. ಬೀದಿಯ ಎಲ್ಲ ಅಂಗಡಿಗಳಲ್ಲೂ ಪೂಜೆ, ಅವಲಕ್ಕಿ ಪಂಚಕಜ್ಜಾಯ. ಅಂಗಡಿಯ ಯಜಮಾನ ಹೆಂಡತಿಯ ಜೊತೆ ಮಣೆಯ ಮೇಲೆ ಕೂರುವುದು ರೂಢಿ. ಇವರ ಅಂಗಡಿಗೆ ಬಂದಾಗ ಭಟ್ಟರು, "ಪಾರ್ಟ್ನರ್ ಇಬ್ರೂ ಕೂಕಣಿ" ಎನ್ನುತ್ತಿದ್ದರು. ಇಬ್ಬರೂ ಅಕ್ಕಪಕ್ಕ ಕೂತು, ಒಂದೇ ತಟ್ಟೆಯ ಆರತಿಗೆ ಕೈ ಒಡ್ಡುತ್ತಿದ್ದರು. ಊರೆಲ್ಲ ನೋಡುತ್ತಿತ್ತು, ಯಾರಿಗೂ ಏನೂ ಅನ್ನಿಸುತ್ತಿರಲಿಲ್ಲ. ಸಣ್ಣವರು ಅವತ್ತು ಒಂದು ದಿನ ಹೊಸ ಅಂಗಿ ಹಾಕಿ, ಮುಖದಲ್ಲಿ ನಗು ತಡೆಯಲಾರದೆ ಕೂತಿರುತ್ತಿದ್ದರು. ಅಂಗಡಿಗೆ ಒಳ್ಳೆಯದಾಗುತ್ತಿದೆ ಎಂಬ ಖುಷಿ ಎಂದುಕೊಂಡಿದ್ದೆ ನಾನು.

ಓದು ಮುಗಿಯಿತು, ಮದುವೆಯಾಗಿ ಬ್ರಹ್ಮಾವರಕ್ಕೆ ಬಂದೆ. ಹತ್ತು ಹನ್ನೆರಡು ವರ್ಷಗಳ ಮೇಲೆ ಒಂದು ವಿಶ್ವವಿದ್ಯಾಲಯದ ಸಂಶೋಧನಾ ತಂಡದಲ್ಲಿ ನನಗೆ ಕೆಲಸ ಸಿಕ್ಕಿತು. ಗಂಡಸನ್ನೇ ಮೆಚ್ಚಿದ ಗಂಡಸರು, ಹೆಂಗಸನ್ನೇ ಮೆಚ್ಚಿದ ಹೆಂಗಸರು, ಗಂಡಾಗಿ ಹುಟ್ಟಿ ಹೆಣ್ಣಾಗಿ ಬದುಕಿದವರು, ಇಂಥವರು ನಡೆಸುವ ಸಣ್ಣಪುಟ್ಟ ಉದ್ಯಮಗಳು ಹೇಗೆ ನಿಲ್ಲುತ್ತವೆ, ಯಾಕೆ ಬೀಳುತ್ತವೆ ಎಂದು ತಿಳಿಯುವುದು, ಪ್ಯಾಕಿಂಗು, ಲೇಬಲ್ಲು, ಲೈಸೆನ್ಸು ಎಂದು ಕೈಲಾದ ಸಹಾಯ ಮಾಡುವುದು ತಂಡದ ಕೆಲಸ. ಎಲ್‌ಜಿಬಿಟಿ ಉದ್ಯಮಿಗಳು ಎಂದು ಯೋಜನೆಯ ಕಾಗದದಲ್ಲಿತ್ತು. ತಂಡದ ಮುಖ್ಯಸ್ಥೆ ಪ್ರೊಫೆಸರ್ ಮೇಡಂ ದೊಡ್ಡ ನಗರದವರು, ಒಳ್ಳೆಯ ಮನಸ್ಸಿನವರು. ಅವರಿಗೆ ಕುಂದಾಪ್ರ ಕನ್ನಡ ಒಂದಕ್ಷರ ತಿಳಿಯುತ್ತಿರಲಿಲ್ಲ. ಅದಕ್ಕೇ ನಾನು ಬೇಕಾಗಿದ್ದೆ. ದೆಹಲಿಯ ಹೈಕೋರ್ಟು ಇಂಥವರ ಪರವಾಗಿ ತೀರ್ಪು ಕೊಟ್ಟಿದ್ದ ಕಾಲ ಅದು. ಮೇಲಿನ ಕೋರ್ಟು ಅದನ್ನು ಉಳಿಸುತ್ತದೋ ಅಳಿಸುತ್ತದೋ ಯಾರಿಗೂ ಗೊತ್ತಿರಲಿಲ್ಲ.

ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲಿ. ಹೊತ್ತಲ್ಲದ ಹೊತ್ತಿನಲ್ಲಿ ಫೋನು ಬಂದರೆ ಯಾರಿಗೋ ಏನೋ ಆಗಿದೆ ಎಂದೇ ತೀರ್ಮಾನಿಸುವ ಜಾತಿ. ಈ ಕೆಲಸಕ್ಕೆ ಸೇರಿದ ಮೇಲಂತೂ ಬಸ್ಸಿನಲ್ಲಿ ಬ್ಯಾಗನ್ನು ಎದೆಗವಚಿಕೊಂಡೇ ಕೂರುತ್ತಿದ್ದೆ. ಯಾರ ಗುಟ್ಟು ನನ್ನ ಬಾಯಿಂದ ಎಲ್ಲಿ ಜಾರೀತೋ ಎಂಬ ಭಯ. ಮನೆಯಲ್ಲಿ ಗಂಡನಿಗೂ "ಸಣ್ಣ ಉದ್ಯಮದ ಸರ್ವೆ" ಎಂದಷ್ಟೇ ಹೇಳಿದ್ದೆ.

ಬೈಂದೂರಿನ ಬಸ್ ನಿಲ್ದಾಣದ ಹಿಂದೆ ಗಂಜಿ ಊಟದ ಹೋಟೆಲು ನಡೆಸುತ್ತಿದ್ದ ಒಬ್ಬರು ಮಂಗಳಮುಖಿ ನಮ್ಮ ಯೋಜನೆಗೆ ಮೊದಲು ಒಪ್ಪಿದವರು. ಯಾರಿಗೂ ಹೆದರುವ ಹೆಂಗಸಲ್ಲ. ಒಂದು ಮಧ್ಯಾಹ್ನ ನನಗೆ ಗಂಜಿ ಬಡಿಸುತ್ತ, "ಕೋಟೇಶ್ವರದ್ ಪಾರ್ಟ್ನರ್ನ ಒಂದ್ಸಲ ಕಂಡ್ಕಂಡ್ ಬನಿ. ಅವ್ರಿಬ್ರೂ ನಮ್ಮರೇ" ಎಂದರು. ಮೂರು ವರ್ಷ ದಿನಾ ಕಂಡ ಮುಖಗಳು. ಮಣೆಯ ಮೇಲೆ ಕೂತ ಸಣ್ಣವರ ಆ ನಗು ನನಗೆ ಆಗ ಅರ್ಥವಾಯಿತು.

ಮೇಡಂ ಜೊತೆ ಹೋದ ದಿನ ದೊಡ್ಡ ಪಾರ್ಟ್ನರ್ ನನ್ನನ್ನು ಗುರುತಿಸಿ, "ಹ್ವಾಯ್, ಕೊಕ್ಕರ್ಣಿ ಹೆಣ್ಣ್ ಅಲ್ದಾ? ಬನಿ, ಕೂಕಣಿ" ಎಂದು ಸಂಭ್ರಮಪಟ್ಟರು. ಬಂದ ಕಾರಣ ಹೇಳಿದಾಗ ಆ ಸಂಭ್ರಮ ಆರಿಹೋಯಿತು. ಎದ್ದು ಹೋಗಿ ಹಿಂದಿನ ಬಾಗಿಲು ಹಾಕಿದರು, ರಸ್ತೆ ಕಡೆ ಒಮ್ಮೆ ನೋಡಿದರು, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. ಮೇಡಂ ಸಮಾಧಾನವಾಗಿ ಎಲ್ಲ ವಿವರಿಸಿದರು. ಯಾರ ಗುಟ್ಟೂ ಹೊರಗೆ ಹೋಗುವುದಿಲ್ಲ, ಕಷಾಯದ ಪುಡಿಯನ್ನು ಒಳ್ಳೆಯ ಪ್ಯಾಕೆಟಿನಲ್ಲಿ ಹಾಕಿ ದೂರದೂರಿಗೆ ಕಳಿಸಬಹುದು ಎಂದರು. ದೊಡ್ಡವರು ಬೇಡ ಎನ್ನುವವರಿದ್ದರು. ಆದರೆ ಒಲೆಯ ಬಳಿಯಿಂದ ಸಣ್ಣವರು ಬಂದು ನಿಂತು ಮೇಡಂ ತಂದಿದ್ದ ಮಾದರಿ ಪ್ಯಾಕೆಟನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಅವರ ಆಸೆಯನ್ನು ಕಂಡು ದೊಡ್ಡವರು ಮೆತ್ತಗಾದರು.

"ಎಂತ ಬೇಕಾರೂ ಬರ್ಕಣಿ. ನಮ್ಮಿಬ್ರನ್ನ ಪಾರ್ಟ್ನರ್ ಅಂದೇಳಿ ಬರೀನಿ. ಅದ್ರ್ ಮೇಲೊಂದ್ ಅಕ್ಷರ ಬ್ಯಾಡ" ಎಂದು ನನಗೆ ಹೇಳಿದರು. "ಆ ಶಬ್ದ ಇಪ್ಪುದಕ್ಕೇ ನಾವ್ ಈ ಊರಂಗೆ ಇಪ್ಪುದ್. ಅದೊಂದ್ ಹೋರೆ ಮನಿ ಕೊಟ್ಟವ್ರ್ ನಾಳಿಗೇ ಖಾಲಿ ಮಾಡಿ ಅಂತ್ರ್. ಮತ್ತೆ ಅಕ್ಕನ್ ಮನಿ ಮೆಟ್ಲ್ ಹತ್ತೂಕಾತ್ತಾ ನಂಗೆ?"

ಅವರ ಅಕ್ಕ ಇದ್ದದ್ದು ಹತ್ತಿರದಲ್ಲೇ. ತಾಯಿಯಿಲ್ಲದ ತಮ್ಮನನ್ನು ಸಾಕಿದವರು. ಆ ಅಕ್ಕನೆಂದರೆ ಅವರಿಗೆ ದೇವರೂ ಹೌದು, ಹೆದರಿಕೆಯೂ ಹೌದು.

ನಾನು ಅವರ ಮಾತನ್ನು ಮೇಡಂಗೆ ತಿಳಿಸಿದೆ. ಮೇಡಂ ನಕ್ಕು, "ಇಂಗ್ಲಿಷಿನಲ್ಲೂ ಅದೇ ಶಬ್ದ, ಎಷ್ಟು ಸುಲಭವಾಯಿತು" ಎಂದು ಇಂಗ್ಲಿಷಿನಲ್ಲಿ ಬರೆದುಕೊಂಡರು. ಅಲ್ಲಿಗೆ ಆ ಶಬ್ದ ಕೋಟೇಶ್ವರ ಬಿಟ್ಟು ಹೊರಟಿತು. ನಮಗಾರಿಗೂ ಅದು ಹೊಳೆಯಲಿಲ್ಲ.

ಆ ಮಳೆಗಾಲ ಚೆನ್ನಾಗಿಯೇ ನಡೆಯಿತು. ಪ್ಯಾಕೆಟಿನ ಬಾಯಿ ಅಂಟಿಸುವ ಯಂತ್ರ ಬಂತು. "ಪಾರ್ಟ್ನರ್ ಕಷಾಯ" ಎಂಬ ಲೇಬಲ್ಲು ಬಂತು. ಸಣ್ಣವರು ಮಾತು ಕಲಿತ ಮಗುವಿನ ಹಾಗೆ ಒಂದೊಂದೇ ಪ್ರಶ್ನೆ ಕೇಳತೊಡಗಿದರು. ಪುಡಿ ಎಷ್ಟು ದಿನ ಕೆಡದೆ ಇರುತ್ತದೆ, ಲೇಬಲ್ಲಿನಲ್ಲಿ ಇಬ್ಬರ ಫೋಟೋ ಹಾಕಬಹುದಾ... ಕೊನೆಯ ಪ್ರಶ್ನೆಗೆ ದೊಡ್ಡವರು, "ನಿನ್ ಮಂಡಿ" ಎಂದು, ನಿನ್ನ ತಲೆ ಎಂಬರ್ಥದಲ್ಲಿ, ಬೈದರು. ಬೈಗುಳದಲ್ಲಿ ಪ್ರೀತಿ ಇತ್ತು, ಹೆದರಿಕೆ ಅದಕ್ಕಿಂತ ಹೆಚ್ಚಿತ್ತು. ನಾನು ಹೋದಾಗಲೆಲ್ಲ ಅವರು ರಸ್ತೆ ಕಡೆ ನೋಡುತ್ತಲೇ ಮಾತಾಡುತ್ತಿದ್ದರು. ಹಿಂದಿನ ಮನೆಯ ಹಗ್ಗದಲ್ಲಿ ಇಬ್ಬರ ಬಟ್ಟೆ ಬೇರೆ ಬೇರೆ ಮೂಲೆಯಲ್ಲಿ ಒಣಗುತ್ತಿತ್ತು. ಅದೂ ಅವರದೇ ಕಟ್ಟಳೆ. ನನ್ನ ಪುಕ್ಕಲುತನ ಮತ್ತು ಅವರದು ಒಂದಕ್ಕೊಂದು ಚೆನ್ನಾಗಿ ಹೊಂದಿಕೊಂಡಿತ್ತು.

ಮಳೆ ನಿಂತ ಮೇಲೆ ಕುಂದಾಪುರದ ಒಂದು ಸಭಾಭವನದಲ್ಲಿ ಮೇಳ ಮಾಡುವುದೆಂದಾಯಿತು. ಹೆಸರು "ಸಣ್ಣ ಉದ್ಯಮಿಗಳ ಮೇಳ", ಅಷ್ಟೇ. ಎಲ್ಲಿಯೂ ಬೇರೆ ಸುಳಿವಿಲ್ಲ. ಒಬ್ಬೊಬ್ಬ ಉದ್ಯಮಿಯ ಫೋಟೋ, ಎರಡು ಸಾಲು ಪರಿಚಯ ಇರುವ ಕರಪತ್ರ ಮಾಡಿಸಿ, ಬೆಳಗಿನ ಪೇಪರಿನೊಳಗೆ ಇಟ್ಟು ಹಂಚುವ ಏರ್ಪಾಡು. ಇಂಗ್ಲಿಷಿನ ಪರಿಚಯವನ್ನು ನಾನು ನೋಡಿದ್ದೆ, ಸರಿಯಾಗಿಯೇ ಇತ್ತು. ಕನ್ನಡ ಮಾಡಿಸಿದ್ದು ನಗರದ ಕಚೇರಿಯಲ್ಲಿ. ಅಲ್ಲಿಂದ ನೇರ ಪ್ರೆಸ್ಸಿಗೆ, ಪ್ರೆಸ್ಸಿನಿಂದ ನೇರ ಪೇಪರ್ ಏಜೆಂಟರಿಗೆ ಹೋಯಿತು. ನಾನದನ್ನು ಮೊದಲು ಕಂಡದ್ದು ನಮ್ಮ ಮನೆಯ ಜಗಲಿಯಲ್ಲಿ, ಎಲ್ಲರಂತೆ, ಬೆಳಗಿನ ಪೇಪರಿನ ಮಡಿಕೆಯಿಂದ ಕೆಳಗೆ ಬಿದ್ದಾಗ.

ಮೂರನೆಯ ಫೋಟೋ ದೊಡ್ಡ ಪಾರ್ಟ್ನರ್ ಅವರದು. ಒಬ್ಬರದೇ. ಕೆಳಗೆ ಹೀಗಿತ್ತು: "ತಮ್ಮ ಬಾಳಸಂಗಾತಿಯೊಂದಿಗೆ ಕೋಟೇಶ್ವರದಲ್ಲಿ ಕಷಾಯದ ಉದ್ಯಮ ನಡೆಸುತ್ತಿದ್ದಾರೆ."

ಬಾಳಸಂಗಾತಿ. ನಗರದಲ್ಲಿ ಕೂತು ಕನ್ನಡ ಮಾಡಿದವರು ಕಲಿತವರು, ಇಂಗ್ಲಿಷಿನ ಪಾರ್ಟ್ನರ್ ಅನ್ನುವುದನ್ನು ಗೌರವದಿಂದ, ಪ್ರೀತಿಯಿಂದ ಒಳ್ಳೆಯ ಕನ್ನಡಕ್ಕೆ ತಂದಿದ್ದರು. ಅರ್ಥದಲ್ಲಿ ತಪ್ಪು ಹುಡುಕಲು ಬರುತ್ತಿರಲಿಲ್ಲ. ಅದಕ್ಕೇ ನಾನು ಹೆದರಿದ್ದು.

ಅಂಗಡಿಗೆ ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದೆ. ಹೆದ್ದಾರಿ ಅಗಲ ಮಾಡುತ್ತಿದ್ದ ಕಾಲ, ಸಾಸ್ತಾನದ ಹತ್ತಿರ ರಸ್ತೆಯೆಲ್ಲ ಅಗೆದು ಹಾಕಿದ್ದರು. ಬಸ್ಸು ಮಣ್ಣಿನ ದಾರಿಯಲ್ಲಿ ತೆವಳುತ್ತಿತ್ತು. ನನ್ನ ಮುಂದಿನ ಸೀಟಿನಲ್ಲಿ ಒಬ್ಬರು ಆ ಕರಪತ್ರವನ್ನೇ ಮಡಚಿ ಗಾಳಿ ಹಾಕಿಕೊಳ್ಳುತ್ತಿದ್ದರು. ಬೀಸಿದಾಗೊಮ್ಮೆ ದೊಡ್ಡ ಪಾರ್ಟ್ನರ್ ಮುಖ ಬಂದು ಹೋಗುತ್ತಿತ್ತು. ಕಿತ್ತುಕೊಂಡು ಕಿಟಕಿಯಾಚೆ ಎಸೆಯಬೇಕೆನ್ನಿಸಿತು. ಕೋಟ ದಾಟಿತು, ತೆಕ್ಕಟ್ಟೆ ದಾಟಿತು. ಅಂಗಡಿಗೆ ಕಲ್ಲು ಬಿದ್ದಿರಬಹುದು, ಮನೆಯ ಸಾಮಾನು ಹೊರಗೆ ಹಾಕಿರಬಹುದು, ಅಕ್ಕ ಬಾಗಿಲಲ್ಲಿ ನಿಂತು ಶಾಪ ಹಾಕುತ್ತಿರಬಹುದು... ಕುಂಭಾಶಿ ಬರುವಷ್ಟರಲ್ಲಿ ನನ್ನ ಕಲ್ಪನೆಯಲ್ಲಿ ಪೊಲೀಸರೂ ಬಂದಾಗಿತ್ತು. ದೇವರಿಗೆ ಹೇಳಿಕೊಂಡೆ, ಏನು ಹೇಳಿಕೊಳ್ಳಬೇಕೆಂದೂ ತಿಳಿಯಲಿಲ್ಲ.

ಕೋಟೇಶ್ವರದಲ್ಲಿ ಇಳಿದರೆ ಅಂಗಡಿಯ ಎದುರು ಜನ ಸೇರಿದ್ದರು. ಬಸ್ಸು ಹೊರಡುವವರೆಗೂ ಅದರ ಮರೆಯಲ್ಲೇ ನಿಂತೆ. ಆಮೇಲೆ ಕೇಳಿಸಿದ್ದು ನಗು.

"ಹ್ವಾಯ್ ಪಾರ್ಟ್ನರ್," ರಿಕ್ಷಾದವನೊಬ್ಬ ಕೂಗಿ ಹೇಳುತ್ತಿದ್ದ, "ಮದಿ ಗುಟ್ಟಂಗೆ ಮಾಡ್ಕಂಡ್ರೆ ಅಡ್ಡಿಲ್ಲ, ಊಟನೂ ಗುಟ್ಟಂಗೇ ಮುಗ್ಸಿದ್ರ್ಯಾ?"

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಬಾಳಸಂಗಾತಿ ಎಂದರೆ ಊರಿನ ಮಟ್ಟಿಗೆ ಹೆಂಡತಿ, ಅಷ್ಟೇ. ಬೇರೆ ಅರ್ಥ ಇರಬಹುದೆಂಬ ಯೋಚನೆ ಅಲ್ಲಿ ಯಾರ ತಲೆಯ ಹತ್ತಿರವೂ ಸುಳಿದಿರಲಿಲ್ಲ. ಈ ವಯಸ್ಸಿನಲ್ಲಿ ಪಾರ್ಟ್ನರ್ ಗುಟ್ಟಾಗಿ ಮದುವೆಯಾಗಿದ್ದಾರೆ, ಪೇಪರಿನಲ್ಲೇ ಬಂದಿದೆ! ಸಣ್ಣ ಪಾರ್ಟ್ನರ್ ಎಲ್ಲರ ಕಣ್ಣೆದುರೇ ಒಲೆಯ ಬಳಿ ಕೊತ್ತಂಬರಿ ಹುರಿಯುತ್ತ ನಿಂತಿದ್ದರು. ಹೆಂಡತಿ ಎಲ್ಲಿ ಎಂದು ಜನ ಅವರನ್ನು ದಾಟಿ ಒಳಮನೆಗೆ ಇಣುಕುತ್ತಿದ್ದರು. ನನಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಬದುಕಿಕೊಂಡೆವು ಎನ್ನಿಸಿತು.

ಅಷ್ಟರಲ್ಲಿ ಅಕ್ಕ ಬಂದರು. ಕೈಯಲ್ಲಿ ಬಾಳೆಲೆಯ ಕಟ್ಟು, ಅದರಲ್ಲಿ ಒತ್ತಾಗಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ. ಅತ್ತು ಮುಖ ಕೆಂಪಾಗಿತ್ತು.

"ಅಲ್ದಾ ತಮ್ಮಾ, ನಂಗೊಂದ್ ಮಾತ್ ಹೇಳೂಕಾಯ್ಲಿಲ್ಯಾ ನಿಂಗೆ? ಪೇಪರಂಗೆ ಓದಿ ತಿಳ್ಕಂಬ್ದಾ ನಾನ್?" ಸೆರಗಿನಿಂದ ಮೂಗು ಒರೆಸಿಕೊಂಡರು. "ಆಯ್ಲಿ. ಹೆಣ್ಣೆಲ್ಲಿತ್ತ್? ಯಾವ್ ಜಾತಿ ಆರೂ ಅಡ್ಡಿಲ್ಲ ನಂಗೆ. ಒಂದ್ಸಲ ಕಂಡ್, ಹೂ ಮುಡ್ಸಿ ಹೋತೆ."

ದೊಡ್ಡ ಪಾರ್ಟ್ನರ್ ಗಲ್ಲಾದಿಂದ ಎದ್ದು ಬಂದರು. ಇಷ್ಟು ಹೊತ್ತು ಜನರ ತಮಾಷೆಗೆಲ್ಲ ಹಲ್ಲು ಕಿರಿದು ನಿಂತಿದ್ದವರು. ಒಂದು ಸಲ, ಒಂದೇ ಸಲ, ಒಲೆಯ ಕಡೆ ನೋಡಿದರು. ಸಣ್ಣವರು ಸೌಟು ಹಿಡಿದು ಅವರನ್ನೇ ನೋಡುತ್ತಿದ್ದರು. ಅವರು ಏನು ಹೇಳುತ್ತಾರೆ ಎಂದು ಕಾಯುತ್ತಿದ್ದರು ಎಂದು ನನಗೆ ಆಮೇಲೆ, ತುಂಬ ಆಮೇಲೆ, ಅನ್ನಿಸಿದೆ.

"ಅಕ್ಕಾ, ಮದಿಯೂ ಇಲ್ಲ, ಎಂತದೂ ಇಲ್ಲ. ಅದ್ ಅಚ್ಚಿನ್ ತಪ್ಪ್" ಎಂದರು ದೊಡ್ಡ ಪಾರ್ಟ್ನರ್. ಧ್ವನಿ ಅಂಗಡಿಯ ಹೊರಗೂ ಕೇಳಿಸುವಷ್ಟಿತ್ತು. "ಪಾರ್ಟ್ನರ್ ಅಂದೇಳಿ ಹಾಕೂಕಿತ್ತ್. ಪ್ರೆಸ್ಸಿನವ್ರ್ ಎಂತದೋ ಹಾಕಿರ್. ಬೇಕಾರೆ ಇವ್ರನ್ನೇ ಕೇಣ್."

ಅಕ್ಕ ನನ್ನ ಕಡೆ ತಿರುಗಿದರು. ಹೌದು ಎಂದು ತಲೆಯಾಡಿಸಿದೆ. ಸುತ್ತ ನಿಂತವರು "ಅಯ್ಯೋ" ಎಂದು ನಿರಾಸೆಯಿಂದ ನಕ್ಕು ಚದುರಿದರು. ಅಕ್ಕ ಬೆಂಚಿನ ಮೇಲೆ ಕುಸಿದು ಕೂತರು. ಅವರಿಗೆ ನಿಜಕ್ಕೂ ದುಃಖವಾಗಿತ್ತು. ಸ್ವಲ್ಪ ಹೊತ್ತಿನ ಮೇಲೆ ಸಣ್ಣವರ ಕಡೆ ತಿರುಗಿ, "ನೀನಾರೂ ಹೇಳ್ ಮಾರಾಯ, ನಿನ್ ಮಾತಾರೆ ಕೇಂತ. ವಯಸ್ಸಾತಾ ಬಂತ್, ಇವ್ನಿಗೂ ಒಂದ್ ಜನ ಅಂದೇಳಿ ಬ್ಯಾಡ್ದಾ?" ಎಂದರು.

"ಬೇಕಲೆ ಅಕ್ಕಾ" ಎಂದರು ಸಣ್ಣವರು.

ಆಗ ನಮಗೆಲ್ಲ ಸೀದ ವಾಸನೆ ಬಂತು. ಬಾಣಲೆಯ ಕೊತ್ತಂಬರಿ ಪೂರಾ ಕರಿಯಾಗಿತ್ತು. ಸಣ್ಣವರು ಅದನ್ನು ಹಿಂದಿನ ತೆಂಗಿನ ಬುಡಕ್ಕೆ ಸುರಿದು ಬಂದು ಬಾಣಲೆ ಉಜ್ಜತೊಡಗಿದರು. ಮದುಮಗಳಿಗೆ ತಂದ ಮಲ್ಲಿಗೆಯನ್ನು ವಾಪಸು ಒಯ್ಯಲು ಮನಸ್ಸಾಗದೆ ಅಕ್ಕ ಅದನ್ನು ನನ್ನ ತಲೆಗೆ ಮುಡಿಸಿದರು. ಬೇಡವೆನ್ನಲು ಧೈರ್ಯವಾಗಲಿಲ್ಲ. ಅದನ್ನು ಮುಡಿದುಕೊಂಡೇ ಬ್ರಹ್ಮಾವರಕ್ಕೆ ಬಂದೆ, ದಾರಿಯುದ್ದಕ್ಕೂ ತಲೆ ಭಾರವಾಗಿತ್ತು.

ಮೂರು ದಿನ ಬಿಟ್ಟು ಮೇಡಂ ನಗರದಿಂದ ಓಡಿ ಬಂದರು. ತಪ್ಪು ತಮ್ಮದೆಂದು ಇಬ್ಬರ ಮುಂದೆಯೂ ಕೈ ಮುಗಿದರು. ಮೇಳದ ದಿನ ಹಂಚಲು ತಿದ್ದಿದ ಕರಪತ್ರ ಬೇರೆ ಅಚ್ಚು ಮಾಡಿಸುತ್ತೇವೆ, ಯಾವ ಶಬ್ದ ಹಾಕಬೇಕು ನೀವೇ ಹೇಳಿ ಎಂದರು.

"ಪಾರ್ಟ್ನರ್ ಅಂತ್ಲೇ ಹಾಕಿ" ಎಂದರು ದೊಡ್ಡವರು.

"ತಿದ್ದೂದ್ ಎಂತಕೆ?" ಎಂದಿತು ಒಲೆಯ ಕಡೆಯಿಂದ ಒಂದು ಧ್ವನಿ. ಸಣ್ಣವರು ದೊಡ್ಡವರ ಮಾತಿಗೆ ಎದುರು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ತಪ್ಪೆಂತ ಇತ್ತ್ ಅದ್ರಂಗೆ?"

ಹೊರಗೆ ಬಸ್ಸೊಂದು ಬಂದು ನಿಂತಿತು, ಇಬ್ಬರು ಇಳಿದರು. ದೊಡ್ಡವರು ಅವರನ್ನು ನೋಡಿ ಧ್ವನಿ ತಗ್ಗಿಸಿ, "ಸುಮ್ನಾಯ್ಕ ಮಾರಾಯ. ಈ ಊರಂಗೆ ಬದ್ಕುದ್ ಬ್ಯಾಡ್ದಾ ನಾವ್?" ಎಂದರು.

"ಬದ್ಕುದ್ ಬೇಕ್" ಎಂದರು ಸಣ್ಣವರು. ಆಮೇಲೆ ಕೊಡ ತೆಗೆದುಕೊಂಡು ನೀರಿಗೆ ಹೋದರು.

ಮೇಡಂಗೆ ಆ ಮಾತು ತಿಳಿಯಲಿಲ್ಲ, ಏನೆಂದರು ಎಂದು ನನ್ನನ್ನು ಕೇಳಿದರು. ನಾನು ಹೇಳಿದೆ. ಹೊಸ ಕರಪತ್ರ ಅಚ್ಚಾಯಿತು. ಮೇಳದಲ್ಲಿ ಕಷಾಯದ ಪುಡಿ ಎಲ್ಲರಿಗಿಂತ ಮೊದಲು ಖರ್ಚಾಯಿತು. ನಮ್ಮ ವರದಿಯಲ್ಲಿ ಅದನ್ನು ಯಶಸ್ಸು ಎಂದು ಬರೆದರು.

ಮರುವರ್ಷದ ದೀಪಾವಳಿಗೆ ಸಣ್ಣ ಪಾರ್ಟ್ನರ್ ಮಣೆಯ ಮೇಲೆ ಕೂರಲಿಲ್ಲವಂತೆ. ಭಟ್ಟರು ಕರೆದರೆ, "ಒಲಿ ಹತ್ರ ಕೆಲ್ಸ ಇತ್ತ್" ಎಂದರಂತೆ. ಆ ವರ್ಷದ ಕೊನೆಗೆ ಮೇಲಿನ ಕೋರ್ಟಿನ ತೀರ್ಪು ಬಂತು, ಹಿಂದಿನದು ಅಳಿಸಿಹೋಯಿತು. ಸುದ್ದಿ ಕೇಳಿ ನಾನು ಓಡಿದೆ, ಅಂಗಡಿ ತೆರೆದಿತ್ತು, ದೊಡ್ಡವರು ಒಬ್ಬರೇ ಇದ್ದರು. ಸಣ್ಣವರು ಬೊಂಬಾಯಿಗೆ ಹೋಗಿ ತಿಂಗಳಾಗಿತ್ತು. ಹಳೆಯ ಕ್ಯಾಂಟೀನಿನವರು ಕರೆದರು ಎಂದು ಊರಿಗೆ ಹೇಳಿ ಹೋಗಿದ್ದರು. ಜಗಳವೇನಾದರೂ ಆಯಿತೇ ಎಂದು ನಾನು ಕೇಳಿದೆ. ಕೋರ್ಟಿಗೆ ಹೆದರಿದರೇ ಎಂದೂ ಕೇಳಿದೆ. ಎರಡಕ್ಕೂ ದೊಡ್ಡವರು ತಲೆ ಅಲ್ಲಾಡಿಸಿದರು.

"ಆವತ್ತ್ ಎಂತದೂ ಇಲ್ಲ ಅಂದೇಳಿ ನಾನ್ ಹೇಳಿದ್ದ್ ಊರಿಗೆ. ಕೇಂಡದ್ದ್ ಅವ್ನ್" ಎಂದರು.

ಎಷ್ಟು ಹೆದರಿದ್ದೆ ನಾನು ಆ ಬೆಳಿಗ್ಗೆ! ಕಲ್ಲಿಗೆ, ಪೊಲೀಸರಿಗೆ, ಮನೆ ಕೊಟ್ಟವರಿಗೆ... ಅವ್ಯಾವುವೂ ಬರಲಿಲ್ಲ. ಮನೆ ಉಳಿಯಿತು, ಅಂಗಡಿ ಉಳಿಯಿತು, ಅಕ್ಕ ಉಳಿದರು. ಅವೆಲ್ಲ ಯಾರಿಗಾಗಿ ಉಳಿಯಬೇಕಿತ್ತೋ ಅವರು ಹೋದರು. ದೊಡ್ಡವರನ್ನು ನಾನು ತಪ್ಪು ಎನ್ನಲಾರೆ. ಅವರ ಜಾಗದಲ್ಲಿದ್ದರೆ ಇನ್ನೂ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದೆ.

ಯೋಜನೆ ಮುಗಿಯಿತು, ತಂಡ ಚದುರಿತು. ನಾನು ಕುಂದಾಪುರಕ್ಕೆ ಹೋದಾಗೆಲ್ಲ ಕೋಟೇಶ್ವರದಲ್ಲಿ ಇಳಿಯುತ್ತಿದ್ದೆ. ದೊಡ್ಡವರು ಹುರಿಯುವ ಕೆಲಸ ತಾವೇ ಮಾಡುತ್ತಿದ್ದರು, ಹದ ಬರುತ್ತಿರಲಿಲ್ಲ. ನನ್ನ ಮುಖ ನೋಡಿ, "ಅವ್ನ್ ಕೈ ಬತ್ತಿಲ್ಲ ಅಲ್ದಾ?" ಎಂದು ಅವರೇ ಹೇಳುತ್ತಿದ್ದರು. ಈಗ ರಸ್ತೆ ಕಡೆ ನೋಡಿ ಮಾತಾಡುವ ಅಭ್ಯಾಸ ಹೋಗಿತ್ತು. ಬಚ್ಚಿಡಲು ಏನೂ ಉಳಿದಿರಲಿಲ್ಲವಲ್ಲ. ಫೋನು ಬರುತ್ತದೆಯೇ ಎಂದು ಕೇಳಿದರೆ, "ಬತ್ತತ್, ಬತ್ತತ್. ಆರಾಮಿದ್ದ" ಎನ್ನುತ್ತಿದ್ದರು. ಅದು ನಿಜವೋ ಸುಳ್ಳೋ ನಾನು ಕೇಳಲು ಹೋಗಲಿಲ್ಲ.

ಒಂದು ಮಳೆಗಾಲ ಅವರಿಗೆ ಜ್ವರ ಬಂತು, ಶ್ವಾಸಕೋಶಕ್ಕೆ ಇಳಿಯಿತು, ಆಸ್ಪತ್ರೆಯಿಂದ ಅಕ್ಕನ ಮನೆಗೇ ತಂದರು. ನಾನು ಹೋಗುವಾಗ ಅಂಗಳದಲ್ಲಿ ಮಲಗಿಸಿ ಆಗಿತ್ತು. ನಮ್ಮ ಊರಿನ ಸಾವಿನ ಮನೆಗಳಲ್ಲಿ ಯಾರೂ ಹೇಳಿಕೊಡಬೇಕಿಲ್ಲ, ಪ್ರತಿಯೊಬ್ಬರಿಗೂ ತಮ್ಮ ಜಾಗ ಗೊತ್ತಿರುತ್ತದೆ. ತಲೆಯ ಹತ್ತಿರ ಅಕ್ಕ. ಕಾಲ ಬುಡದಲ್ಲಿ ಅಳಿಯಂದಿರು, ಅಕ್ಕನ ಗಂಡುಮಕ್ಕಳು. ಜಗಲಿಯಲ್ಲಿ ನೆಂಟರು. ಅಂಗಳದ ಅಂಚಿಗೆ ನೆರೆಕರೆಯವರು, ಗೇಟಿನ ಹೊರಗೆ ರಿಕ್ಷಾದವರು ಮತ್ತು ಅಂಗಡಿಯವರು. ನಾನು ನೆರೆಕರೆಯವರ ಹಿಂದೆ ನಿಂತೆ. ಸಣ್ಣವರು ಬರುತ್ತಾರೆ ಎಂದು ನೋಡಿದೆ, ಬರಲಿಲ್ಲ.

ಸುಮಾರು ಒಂದು ವಾರದ ಮೇಲೆ ಅವರಿಂದಲೇ ಫೋನು ಬಂತು. ಹಿಂದೆ ರೈಲಿನ ಸದ್ದು, ಜನರ ಗಲಾಟೆ. ಸಮಾಚಾರವನ್ನು ಅಕ್ಕ ಅವತ್ತೇ ತಿಳಿಸಿದ್ದರಂತೆ. ಕೊನೆಗೆ ತುಂಬ ಕಷ್ಟ ಆಯಿತಾ ಎಂದು ಕೇಳಿದರು. ಇಲ್ಲ ಎಂದೆ. ನೀವು ಬರಲಿಲ್ಲವಲ್ಲ ಎಂದೆ. ಅನ್ನಬಾರದಿತ್ತು, ಬಾಯಿಂದ ಬಂದುಹೋಯಿತು.

"ಸ್ಟೇಷನ್ನಿಗ್ ಹೋಯಿದ್ದೆ. ರೈಲೂ ಬಂತ್. ಹತ್ತಲಿಲ್ಲ..." ಹಿಂದೆ ಇನ್ನೊಂದು ರೈಲು ಹೋಯಿತು. "ಬಂದ್ ಎಲ್ಲ್ ನಿಂತ್ಕಂಬ್ದ್ ನಾನ್?"

ಲೈನು ಕಡಿಯಿತೋ, ಅವರೇ ಇಟ್ಟರೋ ತಿಳಿಯದು. ಆ ನಂಬರು ಮತ್ತೆ ಹತ್ತಲಿಲ್ಲ. ಈಗ ಕಾನೂನು ಬದಲಾಗಿದೆ. ಮೇಡಂ ಖುಷಿಯಿಂದ ಮೆಸೇಜು ಕಳಿಸಿದ್ದರು, ನಾನೂ ಖುಷಿಪಟ್ಟೆ. ಕೋಟೇಶ್ವರದಲ್ಲಿ ಅಂಗಡಿಯಿದ್ದ ಜಾಗ ರಸ್ತೆಯೊಳಗೆ ಹೋಗಿದೆ, ಬಸ್ಸು ಅಲ್ಲಿ ನಿಲ್ಲುವುದಿಲ್ಲ. ಒಬ್ಬರು ಮಣ್ಣಾದರು, ಇನ್ನೊಬ್ಬರು ಎಲ್ಲಿದ್ದಾರೋ ಗೊತ್ತಿಲ್ಲ. ಇಬ್ಬರೂ ನನಗೆ ಇಲ್ಲವಾದರು.

ಆದರೆ ಅವತ್ತಿನಿಂದ ನನಗೊಂದು ಚಾಳಿ ಅಂಟಿಕೊಂಡಿದೆ. ಯಾರ ಮನೆಯ ಸಾವಿಗೆ ಹೋದರೂ ತೀರಿಕೊಂಡವರ ಮುಖಕ್ಕಿಂತ ಮೊದಲು ಗೇಟಿನಾಚೆ ನೋಡುತ್ತೇನೆ. ಎಲ್ಲರಿಗಿಂತ ಹಿಂದೆ, ಯಾರಿಗೂ ಏನೂ ಆಗದವರ ಹಾಗೆ ಒಬ್ಬರು ನಿಂತಿರುತ್ತಾರೇನೋ ಎಂದು... ಕಂಡರೆ ಕೈ ಹಿಡಿದು, ಮುಂದೆ ಕರೆದುಕೊಂಡು ಬಂದು, ತಲೆಯ ಹತ್ತಿರ ನಿಲ್ಲಿಸಬೇಕು.